ರಾಷ್ಟ್ರಗೀತೆ ವೇಳೆ ಮಂಡಿಯೂರುತ್ತೇವೆ ಎಂದಿದೆ ಒಂದು ತಂಡ: ಸಂಘಟಕರು ಏನು ಮಾಡಬೇಕು?

ಕಡಲಂಚು, ಕಾರವಾರ:

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನಮ್ಮ ಯುವಕ ಮಂಡಳದ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ಇದೆ. 16 ತಂಡ, ಎರಡು ರಾತ್ರಿ. ಮೊದಲ ದಿನ ಸಂಜೆ ಸಭಾ ಕಾರ್ಯಕ್ರಮ, ಅದರ ಕೊನೆಗೆ ರಾಷ್ಟ್ರಗೀತೆ, ಆಮೇಲೆ ಮೊದಲ ಪಂದ್ಯ.

ಕಡಲ ಕಡೆಯ ಒಂದು ತಂಡದ ಹುಡುಗರು ತಮ್ಮೂರಿಗೆ ಬರಲಿರುವ ಬಂದರು ಯೋಜನೆಯ ವಿರುದ್ಧ ಆ ಹೊತ್ತಿಗೆ ಮಂಡಿಯೂರಿ ಕೂರುತ್ತೇವೆ, ತೋಳಿಗೆ ಕಪ್ಪು ಪಟ್ಟಿ ಕಟ್ಟುತ್ತೇವೆ ಎಂದು ಮೊದಲೇ ತಿಳಿಸಿದ್ದಾರೆ. ಬಲೆ ಹಾಕುವ ದಡವೇ ಹೋಗುತ್ತದೆ ಎಂಬ ಸಂಕಟ ಅವರದು. ಅದರ ಬಗ್ಗೆ ಸಮಿತಿಯಲ್ಲಿ ಯಾರದೂ ತಕರಾರಿಲ್ಲ. ಆದರೆ ರಾಷ್ಟ್ರಗೀತೆಯ ಹೊತ್ತಿಗೆ ಎಂದ ಕೂಡಲೇ ಮೂರು ಮಾತು ಎದ್ದಿವೆ. ತಂಡವನ್ನು ಕೈಬಿಡಿ ಎನ್ನುವವರು ಕೆಲವರು. ರಾಷ್ಟ್ರಗೀತೆಯನ್ನೇ ಇಡುವುದು ಬೇಡ ಎನ್ನುವವರು ಕೆಲವರು. ಪೊಲೀಸ್ ಕೇಸಾದರೆ ಮಂಡಳದ ಅಧ್ಯಕ್ಷರ ಮೇಲೂ ಬರುತ್ತದೆ ಎಂಬ ಹೆದರಿಕೆ ಇನ್ನುಳಿದವರಿಗೆ. ನೌಕಾನೆಲೆಯ ಊರು ಇದು, ಮುಂದಿನ ಸಾಲಿನಲ್ಲಿ ನಿವೃತ್ತ ಸೈನಿಕರು ಕೂತಿರುತ್ತಾರೆ.

ಮಂಡಿಯೂರುವುದು ಅಪರಾಧವೇ? ತಂಡವನ್ನು ಹೊರಗಿಡುವ ಅಧಿಕಾರ ಸಮಿತಿಗೆ ಇದೆಯೇ? ಜನ ಕೆರಳಿದರೆ ಸಂಭಾಳಿಸುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕಲಂ ಮೂರು, ಶಿರಸಿ:

ಕಾನೂನಿನ ಭಾಗ ಮಾತ್ರ ಹೇಳುತ್ತೇನೆ. ಇಲ್ಲಿ ಅನ್ವಯವಾಗುವುದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ. ಅದರ 3ನೇ ಕಲಂ ಎರಡು ಕೃತ್ಯಗಳನ್ನಷ್ಟೇ ಅಪರಾಧ ಎನ್ನುತ್ತದೆ: ರಾಷ್ಟ್ರಗೀತೆ ಹಾಡುವುದನ್ನು ಉದ್ದೇಶಪೂರ್ವಕವಾಗಿ ತಡೆಯುವುದು, ಮತ್ತು ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವುದು. ಶಿಕ್ಷೆ 3 ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಹಾಡದಿರುವುದು, ನಿಲ್ಲದಿರುವುದು ಎಂಬ ಮಾತು ಆ ಕಲಮಿನಲ್ಲಿ ಇಲ್ಲ.

ಎದ್ದು ನಿಲ್ಲಬೇಕು ಎಂಬುದು ಬಂದಿರುವುದು ಕೇಂದ್ರ ಗೃಹ ಇಲಾಖೆಯ ಆದೇಶದಿಂದ. ರಾಷ್ಟ್ರಗೀತೆ ಹಾಡಿದಾಗ, ನುಡಿಸಿದಾಗ ಸಭಿಕರು ಸಾವಧಾನ ಸ್ಥಿತಿಯಲ್ಲಿ ನಿಲ್ಲಬೇಕು ಎಂದು ಅದು ಹೇಳುತ್ತದೆ. ಆದರೆ ಆ ಆದೇಶಕ್ಕೆ ಅದರದೇ ಆದ ಶಿಕ್ಷೆ ಇಲ್ಲ. ಸಂವಿಧಾನದ 51ಎ ವಿಧಿಯಲ್ಲಿ ರಾಷ್ಟ್ರಗೀತೆಯನ್ನು ಗೌರವಿಸುವುದು ಮೂಲಭೂತ ಕರ್ತವ್ಯ ಎಂದಿದೆ. ಕರ್ತವ್ಯ ಹೌದು, ಆದರೆ ಅದೊಂದನ್ನೇ ಹಿಡಿದು ಯಾರನ್ನೂ ಶಿಕ್ಷಿಸಲು ಬರುವುದಿಲ್ಲ.

ಓದಲೇಬೇಕಾದ ತೀರ್ಪು 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದ್ದು. ಕೇರಳದ ಮೂವರು ಶಾಲಾಮಕ್ಕಳು ರಾಷ್ಟ್ರಗೀತೆ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದುಹಾಕಿದರು. ಹಾಡಲೇಬೇಕು ಎಂಬ ಕಾನೂನು ದೇಶದಲ್ಲಿಲ್ಲ, ಸುಮ್ಮನೆ ನಿಂತಿದ್ದರೆ ಅದು ಅಗೌರವವಲ್ಲ ಎಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರ ಪೀಠ ಹೇಳಿ ಮಕ್ಕಳನ್ನು ಮತ್ತೆ ಶಾಲೆಗೆ ಸೇರಿಸಿತು. ಹಾಗಾಗಿ ನಿಮ್ಮ ಹುಡುಗರು ನಿಂತು ಬಾಯಿ ಮುಚ್ಚಿಕೊಂಡಿದ್ದರೆ ಈ ತೀರ್ಪಿನ ನೆರಳು ಅವರಿಗೆ ನೇರವಾಗಿ ಸಿಗುತ್ತದೆ. ಮಂಡಿಯೂರಿದರೆ ಅಷ್ಟು ಗಟ್ಟಿ ನೆರಳಿಲ್ಲ, ಏಕೆಂದರೆ ಆ ಮಕ್ಕಳು ನಿಂತಿದ್ದರು ಎಂಬುದು ತೀರ್ಪಿನ ತಳಪಾಯ. ಸದ್ದಿಲ್ಲದೆ ಕೂತರೆ ‘ಅಡ್ಡಿ’ ಹೇಗಾಯಿತು ಎಂದು ವಾದಿಸಬಹುದು. ಆದರೆ ವಾದಿಸುವ ಹೊತ್ತಿಗೆ ಎಫ್‌ಐಆರ್ ಆಗಿರುತ್ತದೆ, ಕೋರ್ಟಿಗೆ ತಿರುಗಾಟ ಶುರುವಾಗಿರುತ್ತದೆ. 2016ರ ಡಿಸೆಂಬರಿನಲ್ಲಿ ತಿರುವನಂತಪುರದ ಚಿತ್ರೋತ್ಸವದಲ್ಲಿ ಎದ್ದು ನಿಲ್ಲಲಿಲ್ಲವೆಂದು ಪ್ರೇಕ್ಷಕರನ್ನು ಪೊಲೀಸರು ವಶಕ್ಕೆ ಪಡೆದಿದ್ದು ನೆನಪಿರಲಿ. ಹುಡುಗರಿಗೆ ಇದನ್ನು ಮುಚ್ಚಿಡದೆ ಹೇಳಿ.

ಚಿತ್ರಮಂದಿರದಲ್ಲಿ ರಾಷ್ಟ್ರಗೀತೆ ಹಾಕುವ ಆದೇಶವನ್ನು ಇಲ್ಲಿಗೆ ಎಳೆಯಬೇಡಿ. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದ್ದನ್ನು 2018ರ ಜನವರಿ 9ರಂದು ತಾನೇ ಐಚ್ಛಿಕ ಮಾಡಿತು. ಪಂದ್ಯಾವಳಿಯಲ್ಲಿ ರಾಷ್ಟ್ರಗೀತೆ ಇಡುವುದು ನಿಮ್ಮ ಇಚ್ಛೆ. ಇಟ್ಟ ಮೇಲೆ ಕ್ರಮಬದ್ಧವಾಗಿ ನಡೆಸುವುದು ನಿಮ್ಮ ಹೊಣೆ. ಮೈದಾನದಲ್ಲಿ ಯಾರೋ ಮಂಡಿಯೂರಿದರೆಂದು ಅಧ್ಯಕ್ಷರು ಆರೋಪಿಯಾಗುವುದಿಲ್ಲ.

ಸಮಿತಿಯವರು ಯೋಚಿಸದ ಒಂದು ಸಂಗತಿ ಇದೆ. ಗೀತೆ ನಡೆಯುತ್ತಿರುವಾಗಲೇ ಯಾರಾದರೂ ಓಡಿಬಂದು ಮಂಡಿಯೂರಿದವನ ಅಂಗಿ ಹಿಡಿದು ಎಬ್ಬಿಸಿದರೆ, ಕೂಗಿದರೆ, 3ನೇ ಕಲಮಿನ ‘ಅಡ್ಡಿ’ ಆಗ ನಿಜವಾಗಿ ಆಗುತ್ತದೆ, ಮತ್ತು ಅದನ್ನು ಮಾಡಿದವನು ಎಬ್ಬಿಸಿದವನು. ಕೈಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 115(2) ಬೇರೆ. ನಮ್ಮ ಪಕ್ಕದ ಪಣಜಿಯಲ್ಲೇ, 2016ರಲ್ಲಿ ಬೆಳಕಿಗೆ ಬಂದ ಪ್ರಸಂಗ: ಬೆನ್ನುಹುರಿಗೆ ಪೆಟ್ಟಾಗಿ ಏಳಲಾಗದವರೊಬ್ಬರನ್ನು ರಾಷ್ಟ್ರಗೀತೆಗೆ ಎದ್ದಿಲ್ಲವೆಂದು ಚಿತ್ರಮಂದಿರದಲ್ಲಿ ಹಿಂದಿನ ಸಾಲಿನವರು ಹೊಡೆದರು. ಅಂಗವಿಕಲರು ಏಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಆಮೇಲೆ ಸ್ಪಷ್ಟಪಡಿಸಬೇಕಾಯಿತು.

ತಂಡವನ್ನು ಹೊರಗಿಡುವ ಬಗ್ಗೆ: ಪ್ರವೇಶ ಶುಲ್ಕ ಪಡೆದು ನಿಯಮಾವಳಿ ಕೊಟ್ಟಾಗಿದೆ. ಅದರಲ್ಲಿ ಇಲ್ಲದ ನಿಯಮವನ್ನು ಒಂದೇ ತಂಡಕ್ಕಾಗಿ ಈಗ ಬರೆಯುವುದು ನ್ಯಾಯವಲ್ಲ. ಕರಪತ್ರದ ಕೊನೆಯ ‘ಸಂಘಟಕರ ತೀರ್ಮಾನವೇ ಅಂತಿಮ’ ಎಂಬ ಸಾಲು ಆಟದ ತಕರಾರಿಗೆ ಇರುವುದು, ಇದಕ್ಕಲ್ಲ.

ಸೀಟಿ ಮೇಷ್ಟ್ರು, ಕುಮಟಾ:

ವಕೀಲರು ಹೇಳಿದ ‘ಎಬ್ಬಿಸಿದವನೇ ಅಡ್ಡಿ ಮಾಡಿದವನು’ ಎಂಬ ಮಾತನ್ನು ಸ್ವಯಂಸೇವಕರ ಮೊದಲ ಸಭೆಯಲ್ಲೇ ಹೇಳಿಬಿಡಿ. ಉಳಿದದ್ದು ವ್ಯವಸ್ಥೆಯ ಕೆಲಸ. ಗಲಾಟೆಗಳಲ್ಲಿ ಅರ್ಧ ಹುಟ್ಟುವುದು ಪ್ರತಿಭಟನೆಯಿಂದಲ್ಲ ಮಾರಾಯ್ರೆ, ರಾಷ್ಟ್ರಗೀತೆಯನ್ನೇ ಅಡ್ಡಾದಿಡ್ಡಿ ನಡೆಸುವುದರಿಂದ.

ಸಭಾ ಕಾರ್ಯಕ್ರಮದ ಕೊನೆಗೆ ಇಟ್ಟಿದ್ದೀರಿ, ಸರಿಯಾಗಿದೆ. ಬಹುಮಾನ ವಿತರಣೆಯ ನಂತರಕ್ಕೆ ಒಯ್ಯಬೇಡಿ. ಆ ಹೊತ್ತಿಗೆ ರಾತ್ರಿ ಎರಡು ದಾಟಿರುತ್ತದೆ, ಅರ್ಧ ಜನ ಬೈಕ್ ಹತ್ತಿರುತ್ತಾರೆ, ಸೋತ ತಂಡದ ಸಿಟ್ಟು ಹಸಿಯಾಗಿರುತ್ತದೆ. ಅದೂ ಅಲ್ಲದೆ ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇದೆ. ಆರಂಭಕ್ಕೆ ನಾಡಗೀತೆ, ಸಭೆ ಮುಗಿಸಲು ರಾಷ್ಟ್ರಗೀತೆ ಎಂಬ ವಾಡಿಕೆಯನ್ನೇ ಇಟ್ಟುಕೊಳ್ಳಿ. ನಾಡಗೀತೆಗೆ 2 ನಿಮಿಷ 30 ಸೆಕೆಂಡು, ರಾಷ್ಟ್ರಗೀತೆಗೆ 52 ಸೆಕೆಂಡು. ಎರಡನ್ನೂ ಒಂದರ ಹಿಂದೊಂದು ಹಾಕಿದರೆ ಮಕ್ಕಳು, ವಯಸ್ಸಾದವರು ಕೊನೆಯ ಹೊತ್ತಿಗೆ ಕಾಲು ಬದಲಿಸಲು ಶುರು ಮಾಡುತ್ತಾರೆ, ಅದನ್ನೇ ಯಾರೋ ಫೋನಿನಲ್ಲಿ ಹಿಡಿಯುತ್ತಾರೆ.

ಧ್ವನಿಮುದ್ರಣ ಹಾಕುವುದಾದರೆ ಪೆನ್‌ಡ್ರೈವ್‌ನಲ್ಲಿ ತನ್ನಿ, ಫೋನಿನಿಂದ ಬೇಡ. ಫೋನಿನಿಂದ ಹಾಕಿದಾಗ ನಡುವೆ ಕರೆ ಬಂದು ರಿಂಗ್‌ಟೋನ್ ಇಡೀ ಮೈದಾನಕ್ಕೆ ಕೇಳುತ್ತದೆ, ಅಂತರ್ಜಾಲದಲ್ಲಿ ನೇರ ಹಾಕಿದರೆ ಜಾಹೀರಾತು ಬರುತ್ತದೆ. ಹಿಂದಿನ ದಿನವೇ ಪೂರ್ತಿ ಕೇಳಿ ಗಡಿಯಾರ ಹಿಡಿದು ನೋಡಿ. 20 ಸೆಕೆಂಡಿಗೇ ಮುಗಿದರೆ ಅದು ಮೊದಲ ಮತ್ತು ಕೊನೆಯ ಸಾಲಿನ ಸಂಕ್ಷಿಪ್ತ ರೂಪ, ನಿಮಗೆ ಬೇಕಾದ್ದು ಅದಲ್ಲ. ಮೈಕ್ ಸೆಟ್‌ಗೂ ಅಂಗಣದ ದೀಪಗಳಿಗೂ ಬೇರೆ ಬೇರೆ ಲೈನ್ ಎಳೆಸಿ. ದೀಪಗಳೆಲ್ಲ ಒಟ್ಟಿಗೆ ಹೊತ್ತಿದಾಗ ಟ್ರಿಪ್ ಆಗಿ ಗೀತೆ ನಡುವೆ ನಿಂತರೆ ಜನ ನಗುತ್ತಾರೆ, ಕೂರುತ್ತಾರೆ, ಯಾರನ್ನು ಬೈಯುವುದು ಎಂದು ಹುಡುಕುತ್ತಾರೆ. ಇದಕ್ಕಾಗಿ ಗಟ್ಟಿ ದನಿಯ ನಾಲ್ಕು ಮಂದಿಯನ್ನು ಮೊದಲೇ ಗುರುತಿಸಿಡಿ. ಸದ್ದು ನಿಂತರೆ ನಿಂತ ಸಾಲಿನಿಂದಲೇ ಅವರು ಎತ್ತಿಕೊಳ್ಳಲಿ, ಮೊದಲಿನಿಂದ ಶುರು ಮಾಡುವುದು ಬೇಡ. ಬಾಯಲ್ಲೇ ಹಾಡಿಸುವುದಾದರೆ ತಗ್ಗಿದ ಶ್ರುತಿಯಲ್ಲಿ ಎತ್ತಬೇಕು. ಎತ್ತರದಲ್ಲಿ ಹಿಡಿದರೆ ಕೊನೆಯ ‘ಜಯ ಹೇ’ಗೆ ಗಂಡಸರ ದನಿ ಒಡೆಯುತ್ತದೆ.

ನಿರೂಪಕರಿಗೆ ಬರೆದುಕೊಡಿ, ಅವರ ಬಾಯಿಗೆ ಬಿಡಬೇಡಿ. ಇಷ್ಟು ಸಾಕು: ‘ಈಗ ರಾಷ್ಟ್ರಗೀತೆ. ಎಲ್ಲರೂ ಎದ್ದು ನಿಲ್ಲಬೇಕಾಗಿ ವಿನಂತಿ. ಏಳಲು ಆಗದವರು ಕುಳಿತಲ್ಲೇ ಇರಬಹುದು.’ ಹೇಳಿದ ಮೇಲೆ 15 ಸೆಕೆಂಡು ಕಾಯಲಿ. ಪ್ಲಾಸ್ಟಿಕ್ ಕುರ್ಚಿಗಳ ಸದ್ದು ಅಡಗಬೇಕು, ಬಜ್ಜಿ ಅಂಗಡಿಯವರು ಸೌಟು ಕೆಳಗಿಡಬೇಕು. ‘ದೇಶಪ್ರೇಮಿಗಳೆಲ್ಲ ಏಳಿ’ ಎಂಬಂಥ ಮಾತು ಬೇಡವೇ ಬೇಡ, ಕೂತವನತ್ತ ಸಾವಿರ ಕಣ್ಣು ತಿರುಗಿಸುವುದು ಆ ಮಾತೇ. ಗೀತೆ ಮುಗಿದ ಮೇಲೂ ಒಂದು ಟೀಕೆ, ಒಂದು ಸಮರ್ಥನೆ ಮೈಕಿನಲ್ಲಿ ಬರಕೂಡದು. ಅರ್ಧ ನಿಮಿಷದೊಳಗೆ ಪಂಚರು ಸೀಟಿ ಊದಿ ನಾಯಕರನ್ನು ಟಾಸಿಗೆ ಕರೆಯಲಿ. ಚೆಂಡು ಗಾಳಿಗೆ ಹೋದ ಮೇಲೆ ಜನರ ಕಣ್ಣು ಅದರ ಹಿಂದೆ ಹೋಗುತ್ತದೆ.

16 ತಂಡ, ತಲಾ 12 ಆಟಗಾರರು ಎಂದರೆ 192 ಮಂದಿ. ಎಲ್ಲರನ್ನೂ ಸಾಲು ನಿಲ್ಲಿಸಬೇಡಿ. ಮೊದಲ ಪಂದ್ಯದ ಎರಡು ತಂಡ, ಉಳಿದವುಗಳ ನಾಯಕರು ಮಾತ್ರ ಅಂಗಣದಲ್ಲಿರಲಿ. ಆ ತಂಡಕ್ಕೆ ಮೊದಲ ಪಂದ್ಯ ಬೇಕೋ ಬೇಡವೋ ಅವರನ್ನೇ ಕೇಳಿ. ಸ್ವಯಂಸೇವಕರು ಗೀತೆಗೂ ಮುಂಚೆ ತಮ್ಮ ಜಾಗ ಹಿಡಿದಿರಬೇಕು, ಆ 52 ಸೆಕೆಂಡಿನಲ್ಲಿ ಯಾರೂ ಒಂದು ಹೆಜ್ಜೆ ಕದಲಕೂಡದು.

ಮತ್ತೆ, ಒಂದು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಗೀತೆಗೆ ಎರಡು ನಿಮಿಷ ಮುಂಚಿನಿಂದ ಮೊದಲ ಸರ್ವಿಸ್‌ವರೆಗೆ ನಿಲ್ಲಿಸದೆ ಚಿತ್ರಿಸಿ. ಹತ್ತು ಸೆಕೆಂಡಿನ ತುಣುಕಿಗೆ ಬೇರೆಯದೇ ತಲೆಬರಹ ಕೊಟ್ಟು ವಾಟ್ಸಾಪ್ ಗುಂಪುಗಳಲ್ಲಿ ಹಂಚಿದಾಗ, ಪೂರ್ತಿ ಚಿತ್ರ ನಿಮ್ಮ ಕೈಯಲ್ಲಿದ್ದರೆ ಮಾತ್ರ ಉತ್ತರ ಇರುತ್ತದೆ.

ಅಘನಾಶಿನಿ:

ಮೇಷ್ಟ್ರು ಹೇಳಿದ್ದು ಸಂಘಟಕರಿಗೆ. ಆ ಹುಡುಗರು ಇದನ್ನು ಓದುತ್ತಿದ್ದರೆ ಅವರಿಗೆ ನನ್ನದೊಂದು ಮಾತು ಇದೆ. ಹಿಂದೆ ಹೀಗೆ ಮಾಡಿದವರಿಗೆ ಏನಾಯಿತು ಎಂಬುದನ್ನು ಸರಿಯಾಗಿ ನೋಡಿ ತೀರ್ಮಾನಿಸಿ.

1968ರ ಅಕ್ಟೋಬರ್ 16, ಮೆಕ್ಸಿಕೊ ಒಲಿಂಪಿಕ್ಸ್. 200 ಮೀಟರ್ ಓಟದಲ್ಲಿ 19.83 ಸೆಕೆಂಡಿನ ವಿಶ್ವದಾಖಲೆ ಬರೆದ ಟಾಮಿ ಸ್ಮಿತ್, ಮೂರನೆಯವರಾದ ಜಾನ್ ಕಾರ್ಲೋಸ್ ಅಮೆರಿಕದ ರಾಷ್ಟ್ರಗೀತೆ ವೇಳೆ ಕಪ್ಪು ಕೈಗವಸಿನ ಮುಷ್ಟಿ ಎತ್ತಿದರು. ಬೂಟಿಲ್ಲದೆ ಕಪ್ಪು ಕಾಲುಚೀಲದಲ್ಲಿ ನಿಂತಿದ್ದರು, ಅದು ಕರಿಯರ ಬಡತನದ ಗುರುತು. ಇದ್ದದ್ದು ಒಂದೇ ಜೊತೆ ಕೈಗವಸು, ಹಾಗಾಗಿ ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ಪ್ರೇಕ್ಷಕರು ಧಿಕ್ಕಾರ ಕೂಗಿದರು, ಇಬ್ಬರನ್ನೂ ಕೂಟದಿಂದ ಹೊರಗೆ ಕಳಿಸಿದರು. ಪದಕ ಕಿತ್ತುಕೊಂಡರು ಎಂದು ಈಗಲೂ ಹಲವರು ಬರೆಯುತ್ತಾರೆ, ಅದು ತಪ್ಪು. ಬೆಳ್ಳಿ ಗೆದ್ದ ಆಸ್ಟ್ರೇಲಿಯದ ಬಿಳಿಯ ಪೀಟರ್ ನಾರ್ಮನ್ ಏನೂ ಎತ್ತಲಿಲ್ಲ, ಎದೆಗೆ ಅವರ ಹೋರಾಟದ ಬಿಲ್ಲೆ ಚುಚ್ಚಿಕೊಂಡು ನೆಟ್ಟಗೆ ನಿಂತಿದ್ದರು. 2006ರಲ್ಲಿ ಅವರು ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಸ್ಮಿತ್ ಮತ್ತು ಕಾರ್ಲೋಸ್. ಅದೇ ಕೂಟದಲ್ಲಿ ಜೆಕೊಸ್ಲೊವಾಕಿಯದ ಜಿಮ್ನಾಸ್ಟ್ ವೇರಾ ಚಾಸ್ಲಾವ್‌ಸ್ಕಾ ಸೋವಿಯತ್ ಗೀತೆ ನುಡಿದಾಗ ಮುಖ ತಗ್ಗಿಸಿ ಪಕ್ಕಕ್ಕೆ ತಿರುಗಿಸಿದರು, ಅಷ್ಟೇ. ಎರಡು ತಿಂಗಳ ಹಿಂದೆ ಅವರ ದೇಶಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದವು.

ಮಂಡಿಯೂರುವ ಪದ್ಧತಿ 2016ರದು. ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್ ಮೊದಲು ಮಂಡಿಯೂರಿದ್ದಲ್ಲ, ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಆಗಸ್ಟ್ 26ರ ಪಂದ್ಯದಲ್ಲಿ ಅದು ಜನರ ಕಣ್ಣಿಗೆ ಬಿತ್ತು. ಸೈನ್ಯದ ವಿಶೇಷ ಪಡೆಯಲ್ಲಿದ್ದ ನೇಟ್ ಬಾಯರ್ ಅವರೊಡನೆ ಮಾತಾಡಿ, ಕೂರುವುದು ಸೈನಿಕರಿಗೆ ನೋವು ತರುತ್ತದೆ, ಮಡಿದ ಒಡನಾಡಿಯ ಗೋರಿಯ ಮುಂದೆ ಸೈನಿಕರೂ ಮಂಡಿಯೂರುತ್ತಾರೆ ಎಂದರು. ಸೆಪ್ಟೆಂಬರ್ 1ರಂದು ಕೇಪರ್ನಿಕ್ ಮಂಡಿಯೂರಿದರು. ಪ್ರತಿಭಟನೆ ಪೊಲೀಸರ ಕೈಯಲ್ಲಿ ಕರಿಯರು ಸಾಯುತ್ತಿರುವುದರ ವಿರುದ್ಧವಾಗಿತ್ತು. ಆದರೆ ಚರ್ಚೆ ನಡೆದದ್ದು ಬಾವುಟದ ಬಗ್ಗೆ, ಸೈನಿಕರ ಬಗ್ಗೆ. ಕೆಲವರು ಅವರ ಜೆರ್ಸಿ ಸುಟ್ಟರು, ಅದೇ ತಿಂಗಳು ಅದೇ ಜೆರ್ಸಿ ಮಾರಾಟದಲ್ಲಿ ಮೊದಲ ಸ್ಥಾನಕ್ಕೆ ಏರಿತು. 2017ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಮಂಡಿಯೂರುವವರನ್ನು ತಂಡದಿಂದ ಕಿತ್ತೊಗೆಯಬೇಕು ಎಂದ ಮೇಲೆ ಒಂದೇ ಭಾನುವಾರ 200ಕ್ಕೂ ಹೆಚ್ಚು ಆಟಗಾರರು ಕೂತರು ಇಲ್ಲವೇ ಮಂಡಿಯೂರಿದರು. 2018ರ ಮೇ ತಿಂಗಳಲ್ಲಿ ಅಲ್ಲಿನ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ‘ಮೈದಾನದಲ್ಲಿದ್ದರೆ ನಿಲ್ಲಿ, ಇಲ್ಲವಾದರೆ ಒಳಗೇ ಇರಿ’ ಎಂಬ ನಿಯಮ ತಂದು ಎರಡೇ ತಿಂಗಳಲ್ಲಿ ತಡೆಹಿಡಿಯಿತು. ಕೇಪರ್ನಿಕ್‌ಗೆ 2016ರ ಋತು ಮುಗಿದ ನಂತರ ಲೀಗಿನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ.

ನನಗೆ ಇದರಲ್ಲಿ ಕಾಣುವುದು ಇಷ್ಟು. ರಾಷ್ಟ್ರಗೀತೆಯ ಹೊತ್ತಿಗೆ ಮಾಡುವ ಸನ್ನೆ ಬಹಳ ದೂರ ತಲುಪುತ್ತದೆ, ಆದರೆ ಕಾರಣವನ್ನು ಜೊತೆಗೆ ಒಯ್ಯುವುದಿಲ್ಲ. ಬಂದರಿನ ಮಾತು ತಲುಪಬೇಕಾದರೆ ಅದು ಸನ್ನೆಗಿಂತ ಮೊದಲೇ ಬರಹದಲ್ಲಿ ಜನರ ಕೈಯಲ್ಲಿರಬೇಕು: ಯಾವ ಯೋಜನೆ, ಎಷ್ಟು ದಡ, ಎಷ್ಟು ದೋಣಿ, ಬೇಡಿಕೆ ಏನು. ಉಪ್ಪು ಮಾಡಿದ ಅಂಕೋಲೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. 1930ರಲ್ಲಿ ದಂಡಿಗೆ ಹೆಜ್ಜೆ ಹಾಕುವ ಮೊದಲು ಗಾಂಧೀಜಿ ಮಾರ್ಚ್ 2ರಂದೇ ವೈಸರಾಯ್‌ಗೆ ಪತ್ರ ಬರೆದು ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಎಂದು ತಿಳಿಸಿದ್ದರು.

ಸದಾಶಿವಗಡ:

ಅಘನಾಶಿನಿಯವರೇ, ಬಾಯರ್ ಮಾತನ್ನು ನೀವು ತಂದಿದ್ದು ಒಳ್ಳೆಯದಾಯಿತು. ಆದರೆ ಅಲ್ಲಿನ ಅರ್ಥ ಇಲ್ಲಿಗೆ ಹೊಂದುವುದಿಲ್ಲ. ನಮ್ಮಲ್ಲಿ ಮಂಡಿಯೂರುವುದು ಮಡಿದವರಿಗೆ ಸಲ್ಲಿಸುವ ಗೌರವ ಎಂದು ಯಾರಿಗೂ ಅನ್ನಿಸುವುದಿಲ್ಲ, ‘ಏಳಲಿಲ್ಲ’ ಎಂದಷ್ಟೇ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಕೂರುವ ಮಾಜಿ ಸೈನಿಕರಿಗೆ ಸಾವಧಾನದಲ್ಲಿ ನಿಲ್ಲುವುದು ಮೈಗೆ ಹತ್ತಿದ ಶಿಸ್ತು, ಬಾವುಟ ಹೊದಿಸಿದ ಪೆಟ್ಟಿಗೆ ಹೊತ್ತವರ ನೆನಪು ಅದರೊಳಗೆ ಇದೆ. ಅವರ ನೋವನ್ನು ಗದ್ದಲ ಎಂದು ತಳ್ಳಿಹಾಕಬಾರದು. ಹುಡುಗರು ನಿಂತೇ ಮಾಡಲಿ, ಬಾಯಿ ಮುಚ್ಚಿಕೊಂಡಿರಲಿ, ತೋಳಿಗೆ ಕಪ್ಪು ಪಟ್ಟಿ ಇರಲಿ. ಪಂದ್ಯಕ್ಕೆ ಎರಡು ದಿನ ಮುಂಚೆ ತಂಡದ ನಾಯಕನನ್ನೂ ಮಾಜಿ ಸೈನಿಕರಲ್ಲಿ ಒಬ್ಬ ಹಿರಿಯರನ್ನೂ ಒಂದೇ ಮೇಜಿಗೆ ಕೂರಿಸಿ. ದಡ ಕಳೆದುಕೊಳ್ಳುವುದು ಏನೆಂದು ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಈ ತಾಲೂಕಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅಘನಾಶಿನಿ:

ಮೇಜಿಗೆ ಕೂರಿಸುವುದು ಸರಿ. ಹೇಗೆ ಪ್ರತಿಭಟಿಸಬೇಕೆಂದು ಕೊನೆಗೆ ತೀರ್ಮಾನಿಸುವವರು ಮಾತ್ರ ಅವರೇ. ನಿಂತು ಮೌನವಾಗಿರುವುದು ಸಣ್ಣದಲ್ಲ ಎಂಬುದಕ್ಕೆ ಉದಾಹರಣೆ ಇದೆ. 2022ರ ನವೆಂಬರ್ 21ರಂದು ಕತಾರ್ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಮುಂಚೆ ಇರಾನಿನ ಆಟಗಾರರು ತಮ್ಮದೇ ರಾಷ್ಟ್ರಗೀತೆಗೆ ತುಟಿ ಬಿಚ್ಚದೆ ನಿಂತರು. ಯಾಕೆಂದು ಇಡೀ ಲೋಕಕ್ಕೆ ತಿಳಿಯಿತು, ಏಕೆಂದರೆ ಹಿಜಾಬ್ ನಿಯಮದ ಹೆಸರಲ್ಲಿ ಪೊಲೀಸರು ಹಿಡಿದೊಯ್ದ ಇರಾನಿನ ಯುವತಿ ಮಹ್ಸಾ ಅಮಿನಿ ಸಾವಿನ ಸುದ್ದಿ ಆಗಲೇ ಎಲ್ಲರ ಬಾಯಲ್ಲಿತ್ತು. ಮುಂದಿನ ಪಂದ್ಯದಲ್ಲಿ ಅವರು ಹಾಡಿದರು.

ಕಡಲಂಚು, ಕಾರವಾರ:

ಎಲ್ಲರಿಗೂ ಧನ್ಯವಾದ. ತಂಡದ ನಾಯಕನಿಗೆ ಇಲ್ಲಿನ ಉತ್ತರಗಳನ್ನು ಕಳಿಸಿದ್ದೇನೆ. ಅವನು ಕೇಳುತ್ತಿರುವುದು ಎರಡು: ಪಟ್ಟಿ ಕಟ್ಟಿಕೊಂಡೇ ಆಡಬಹುದೇ? ಗೀತೆ ಮುಗಿದು ಆಟ ಶುರುವಾಗುವ ನಡುವೆ ಮಂಡಿಯೂರಿದರೆ ಹೇಗೆ?

ಸೀಟಿ ಮೇಷ್ಟ್ರು, ಕುಮಟಾ:

ಎರಡನೆಯದು ಒಳ್ಳೆಯ ಯೋಚನೆ. 2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಪಾಕಿಸ್ತಾನದ ಎದುರು ನಮ್ಮ ಕ್ರಿಕೆಟ್ ತಂಡ ಮಂಡಿಯೂರಿದ್ದು ಹಾಗೆಯೇ, ರಾಷ್ಟ್ರಗೀತೆ ಮುಗಿದ ಮೇಲೆ, ಮೊದಲ ಎಸೆತಕ್ಕೆ ಮುಂಚೆ. ಟೀಕೆ ಬಂತು, ಆದರೆ ಗೀತೆಗೆ ಅಗೌರವ ಎಂದು ಯಾರೂ ಹೇಳಲು ಬರಲಿಲ್ಲ. ಒಲಿಂಪಿಕ್ಸ್ ಸಮಿತಿಯೂ 2021ರಲ್ಲಿ ಸಡಿಲಿಸಿದ್ದು ಅಷ್ಟನ್ನೇ: ಆಟ ಆರಂಭವಾಗುವ ಮುನ್ನ ಮೈದಾನದಲ್ಲಿ ಅಭಿಪ್ರಾಯ ತೋರಿಸಬಹುದು, ಪದಕ ಪ್ರದಾನದ ವೇದಿಕೆಯಲ್ಲಿ ಕೂಡದು. ನಿಮ್ಮಲ್ಲಿ ಟಾಸ್ ಆದ ಮೇಲೆ ಎರಡೂ ತಂಡ ಅಂಗಣಕ್ಕೆ ಇಳಿದಾಗ ಹತ್ತು ಸೆಕೆಂಡು ಬಿಟ್ಟುಕೊಡಿ, ಎದುರಾಳಿ ತಂಡಕ್ಕೆ ಮತ್ತು ಪಂಚರಿಗೆ ಮೊದಲೇ ಹೇಳಿಡಿ.

ಪಟ್ಟಿಗೆ ಮುಂಚಿತವಾಗಿ ಮುಖ್ಯ ಪಂಚರ ಒಪ್ಪಿಗೆ ಬೇಕು. 2003ರ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ಹರಾರೆಯಲ್ಲಿ ಜಿಂಬಾಬ್ವೆಯ ಆಟಗಾರರಾದ ಆಂಡಿ ಫ್ಲವರ್, ಹೆನ್ರಿ ಒಲಾಂಗಾ ಕಟ್ಟಿದ್ದು ಕಪ್ಪು ಟೇಪು. ಜಿಂಬಾಬ್ವೆಯಲ್ಲಿ ಪ್ರಜಾಪ್ರಭುತ್ವ ಸಾಯುತ್ತಿದೆ ಎಂದು ಅದೇ ದಿನ ಬರಹದಲ್ಲೂ ತಿಳಿಸಿದ್ದರು. 2023ರ ಡಿಸೆಂಬರಿನಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯದ ಕ್ರಿಕೆಟಿಗ ಉಸ್ಮಾನ್ ಖ್ವಾಜಾ ಅನುಮತಿ ಇಲ್ಲದೆ ಪಟ್ಟಿ ಕಟ್ಟಿ ಐಸಿಸಿಯಿಂದ ಛೀಮಾರಿ ಹಾಕಿಸಿಕೊಂಡರು. ಬಟ್ಟೆಯ ಪಟ್ಟಿ ಎರಡು ಬೆರಳಗಲ ಸಾಕು, ಮೊಣಕೈಗಿಂತ ಮೇಲೆ ಕಟ್ಟಬೇಕು. ಸೇಫ್ಟಿ ಪಿನ್ ಬೇಡ, ಚೆಂಡಿಗೆ ಹಾರಿ ಬಿದ್ದಾಗ ಚುಚ್ಚುತ್ತದೆ. ಗಂಟೂ ಬೇಡ, ಬ್ಲಾಕ್ ಮಾಡುವಾಗ ನೆಟ್ಟಿಗೆ ಸಿಕ್ಕಿಕೊಂಡರೆ ಅಂಕ ಹೋಗುತ್ತದೆ. ಹೊಲಿದ ಎಲಾಸ್ಟಿಕ್ ಪಟ್ಟಿಯೇ ಸರಿ. ಅದರ ಮೇಲೆ ಅಕ್ಷರ ಬರೆಯಬೇಡಿ, ಬರೆಯಬೇಕಾದ್ದೆಲ್ಲ ಕರಪತ್ರದಲ್ಲಿರಲಿ.

ಕಲಂ ಮೂರು, ಶಿರಸಿ:

ಒಂದು ಸೇರ್ಪಡೆ. ಠಾಣೆಗೆ ಬಂದೋಬಸ್ತು ಮತ್ತು ಧ್ವನಿವರ್ಧಕದ ಅರ್ಜಿ ಕೊಡುವಾಗಲೇ ಇದನ್ನೂ ಒಂದು ಸಾಲಿನಲ್ಲಿ ಬರೆಯಿರಿ: ‘ಒಂದು ತಂಡವು ರಾಷ್ಟ್ರಗೀತೆ ಮುಗಿದ ನಂತರ, ಆಟ ಆರಂಭಕ್ಕೆ ಮುನ್ನ ಶಾಂತಿಯುತವಾಗಿ ಮೌನ ಪ್ರತಿಭಟನೆ ನಡೆಸಲಿದೆ.’ ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಆ ರಾತ್ರಿ ಕಾರ್ಯದರ್ಶಿಯ ಜೇಬಿನಲ್ಲೇ ಇಟ್ಟುಕೊಳ್ಳಿ, ಕಚೇರಿಯ ಕಪಾಟಿನಲ್ಲಿ ಅಲ್ಲ.